ಎದೆಗೂಡಿನ ಉಗ್ರಾಣ

ಗಾಳೆಮ್ಮನಕೋಟೆಯಲ್ಲಿ ಬೀಸುವ ಧೂಳಿಗೆ ಹೆಸರು, ವಿಳಾಸ, ಗೋತ್ರ ಎಲ್ಲವನ್ನೂ ಕಟ್ಟಿಕೊಟ್ಟವಳು ಮುಕ್ತಾ. ಅದಕ್ಕೂ ಮೊದಲು ಆ ಊರಿನ ಧೂಳು ತಬ್ಬಲಿಯಾಗಿತ್ತು. ಊರಿನ ಪಶ್ಚಿಮಕ್ಕೆ ಮೂರು ಉಕ್ಕಿನ ಕಾರ್ಖಾನೆಗಳು, ಮೂರಕ್ಕೂ ಮುಗಿಲು ಮುಟ್ಟುವ ಚಿಮಣಿಗಳು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಟವನು ಸಂಜೆ ಕಾವಿ ಉಟ್ಟ ಸನ್ಯಾಸಿಯಾಗಿ ಮನೆಗೆ ಬರುತ್ತಿದ್ದ. ಯಾರದಪ್ಪಾ ಈ ಧೂಳು ಎಂದರೆ ಒಂದನೆಯವನು ಎರಡನೆಯವನ ಕಡೆ, ಎರಡನೆಯವನು ಮೂರನೆಯವನ ಕಡೆ, ಮೂರನೆಯವನು ಹೊಲ ಉಳುವ ರೈತನ ಕಡೆ ಬೊಟ್ಟು ಮಾಡುತ್ತಿದ್ದ. ಸಾಕ್ಷ್ಯ ಸಾಲದು ಎಂದು ದೊಡ್ಡವರೆಲ್ಲ ಕೈ ತೊಳೆದುಕೊಳ್ಳುತ್ತಿದ್ದರು. ತೊಳೆದ ನೀರು ಕೆಂಪಗಿರುತ್ತಿತ್ತು ಅನ್ನುವುದು ಬೇರೆ ಮಾತು.

ಮುಕ್ತಾ ಜಿಲ್ಲೆಯ ವಾಯು ಪ್ರಯೋಗಾಲಯದಲ್ಲಿ ವಿಜ್ಞಾನಿ, ಅದೇ ಊರಿನ ದರ್ಜಿ ಓಣಿಯ ಸೊಸೆ. ಅವಳು ಮಾಡಿದ್ದು ಇಷ್ಟೇ: ಕಣ್ಣಿಗೆ ಕಾಣದಷ್ಟು ಸಣ್ಣ ಪಿಂಗಾಣಿಯ ಹರಳು, ಅದರೊಳಗೆ ಒಂದು ಬೆಳಕು ನುಂಗಿ ಇನ್ನೊಂದು ಬಣ್ಣ ಉಗುಳುವ ಅಪರೂಪದ ಲೋಹದ ಚೂರು. ಚಿಮಣಿಯ ಬುಡದಲ್ಲಿ ಹೊಗೆಗೆ ಬೆರೆಸಿದರೆ ಅದು ಧೂಳಿನ ಬೆನ್ನಿಗೆ ಬಿದ್ದು ಹಾರುತ್ತದೆ, ಧೂಳು ಕೂತಲ್ಲಿ ಕೂರುತ್ತದೆ. ನೀರಿಗೆ ಕರಗದು, ಬೆಂಕಿಗೆ ಬೇಯದು. ಪರೀಕ್ಷೆಗೆಂದು ಮೂರೂ ಚಿಮಣಿಗಳಿಗೆ ಬೆರೆಸಿದ ಮೇಲೆ ನೇರಳೆ ದೀಪ ಹಿಡಿದರೆ ಒಂದನೆಯ ಕಾರ್ಖಾನೆಯದು ಹಸಿರು, ಎರಡನೆಯದು ನೀಲಿ, ಮೂರನೆಯದು ಕಿತ್ತಳೆ. ಇನ್ನು ಯಾರೂ ನುಣುಚಿಕೊಳ್ಳುವಂತಿಲ್ಲ ಎಂದು ಅವಳು ನಂಬಿದ್ದಳು. ಓದಿದವರ ನಂಬಿಕೆಗಳೇ ಹಾಗೆ.

ದೀಪವನ್ನು ಅವಳು ಮೊದಲು ಹಿಡಿದದ್ದು ಮನೆಯಲ್ಲೇ. ಅತ್ತೆ ತುಳಜಾಬಾಯಿ ಮಾಳಿಗೆಯ ಮೇಲೆ ಹೊರಸು ಹಾಕಿ, ಶಾವಿಗೆ ಒಣಗಿಸಿ, ಮೇಲೊಂದು ಬಿಳಿ ಧೋತರ ಹೊದಿಸಿ ಕಾಪಾಡಿಕೊಂಡು ಬಂದಿದ್ದರು. ಅಡುಗೆಮನೆಯ ಬಾಗಿಲು ಹಾಕಿ ಮುಕ್ತಾ ದೀಪ ಹಚ್ಚಿದಳು. ಮೊರದಲ್ಲಿ ತಂದಿದ್ದ ಶಾವಿಗೆಯ ತುಂಬ ಹಸಿರು, ನೀಲಿ, ಕಿತ್ತಳೆ ಚುಕ್ಕಿಗಳು ಮಿಣಮಿಣ ಎಂದವು.

"ಏನ ಚೆಂದ ಕಾಣ್ತೈತಿ ನೋಡವ್ವ," ಎಂದರು ತುಳಜಾಬಾಯಿ. "ಇಷ್ಟ ವರ್ಷ ನಾವು ಪಾಯಸ ಉಂಡಿಲ್ಲ, ಅವರ ಮನಿ ತೋರಣ ನುಂಗೇವಿ."

"ಇನ್ನ ಮ್ಯಾಲೆ ಹಂಗಾಗೂದಿಲ್ಲ ಅತ್ತಿ. ಯಾರ ಧೂಳು ಅಂತ ಗೊತ್ತಾತಲ್ಲ, ಅವರ ಕೊರಳಿಗೇ ಕಟ್ಟಬಹುದು."

"ಕಟ್ಟಾವ ಯಾರು?" ಎಂದು ಕೇಳಿ ಮುದುಕಿ ಮತ್ತೆ ಹೊಲಿಗೆಯಂತ್ರದ ಮುಂದೆ ಕೂತರು. ಐವತ್ತು ವರ್ಷ ಊರಿನವರ ರವಿಕೆ ಹೊಲಿದ ಕೈ. ಯಾರ ಎದೆಯ ಅಳತೆ ಎಷ್ಟೆಂದು ಅವರಿಗೆ ಬಾಯಿಪಾಠವಾಗಿತ್ತು.

ಕಾನೂನು ಬಂತು. ಯಾರ ಧೂಳೋ ಅವರೇ ಹೊಣೆ. ಊರಿನವರು ಪಟಾಕಿ ಹೊಡೆದು ಇನ್ನಷ್ಟು ಹೊಗೆ ಎಬ್ಬಿಸಿದರು. ವೈದ್ಯರು ಕೊಳವೆಯ ತುದಿಗೆ ಪುಟ್ಟ ನೇರಳೆ ದೀಪ ಕಟ್ಟಿ ಜನರ ಎದೆಯೊಳಗೆ ಇಳಿಸಿ ನೋಡಿದರು. ಅಲ್ಲಿ ದೀಪಾವಳಿಯೇ ನಡೆದಿತ್ತು. ಮೂರು ಕಾರ್ಖಾನೆಗಳೂ ಈಗ ಒಂದು ಒಕ್ಕೂಟ ಕಟ್ಟಿಕೊಂಡು, ರಾಜಧಾನಿಯಿಂದ ವಕೀಲರನ್ನು ಕರೆಸಿದವು. ಅವರು ಧೂಳು ತಮ್ಮದಲ್ಲ ಎಂದು ವಾದಿಸಲಿಲ್ಲ. ನಮ್ಮದೇ ಎಂದರು! ಅಷ್ಟು ಸುಲಭವಾಗಿ ಕಳ್ಳ ಕದ್ದೆ ಅಂದಾಗಲೇ ಮನೆಯ ಯಜಮಾನ ಎಚ್ಚರಾಗಬೇಕು. ಯಾರೂ ಆಗಲಿಲ್ಲ.

ಅವರ ವಾದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು. ಮಾಲಿನ್ಯ ಎಂದರೆ ಗಾಳಿಯಲ್ಲಿ ತೇಲುವಂಥದ್ದು. ಮತ್ತೆ ಗಾಳಿಗೆ ಬಾರದಂತೆ ಒಂದು ಕಡೆ ಭದ್ರವಾಗಿ ಕೂತದ್ದು ಮಾಲಿನ್ಯವಲ್ಲ, ಸಂಗ್ರಹ. ಸೂರಿನ ಮೇಲೆ ಕೂತ ಧೂಳು ಗಾಳಿಗೆ ಏಳುತ್ತದೆ, ರಸ್ತೆಯದು ಲಾರಿಗೆ ಏಳುತ್ತದೆ. ಮನುಷ್ಯನ ಎದೆಯ ತಳಕ್ಕೆ ಇಳಿದದ್ದು ಮಾತ್ರ ಅವನು ಬದುಕಿರುವ ತನಕ ಏಳುವುದಿಲ್ಲ. ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟವರು ಡಾಕ್ಟರ್ ಮುಕ್ತಾ ಅವರೇ. ಆದ್ದರಿಂದ ಗಾಳೆಮ್ಮನಕೋಟೆಯ ನಿವಾಸಿಗಳನ್ನು ಒಕ್ಕೂಟದ ಚದುರಿದ ಉಗ್ರಾಣಗಳೆಂದು ಪರಿಗಣಿಸತಕ್ಕದ್ದು.

ಇದನ್ನು ಕೇಳಿ ಯಾರಾದರೂ ನಗುತ್ತಾರೆ ಎಂದು ಮುಕ್ತಾ ಕಾದಳು. ವಾಯು ಪ್ರಾಧಿಕಾರದ ಅಧ್ಯಕ್ಷರು ನಗಲಿಲ್ಲ, ತಲೆದೂಗಿದರು. ಅಹವಾಲು ಸಭೆಯನ್ನೂ ಶಾಸ್ತ್ರೋಕ್ತವಾಗಿ ನಡೆಸಿದರು: ಶಾಮಿಯಾನ ಹಾಕಿ, ಬಿಸ್ಕತ್ತು ಹಂಚಿ, ಮೈಕು ಕೆಟ್ಟಿದೆ ಎಂದರು. ನಿಯಮಕ್ಕೆ ತಿದ್ದುಪಡಿಯಾಯಿತು. ಊರಿನ ಎದೆಗಳಲ್ಲಿ ಎಷ್ಟು ಜಾಗ ಉಳಿದಿದೆಯೋ ಅಷ್ಟರ ಮಟ್ಟಿಗೆ ಕಾರ್ಖಾನೆಗಳು ವಿಸ್ತರಿಸಿಕೊಳ್ಳಬಹುದು ಎಂದಾಯಿತು.

ಜನ ಹೊಂದಿಕೊಂಡರು. ಜನ ಎಂಬ ಪ್ರಾಣಿ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ? ಪಂಚಾಯಿತಿ ಕಟ್ಟೆಯ ಮೇಲೆ ಊದುಗೊಳವೆ ಇಟ್ಟು ಎದೆಯ ಅಳತೆ ತೆಗೆದು ದರ್ಜೆ ಕೊಟ್ಟರು. ಮೊದಲ ದರ್ಜೆ ಸಿಕ್ಕವರು ಎದೆ ಉಬ್ಬಿಸಿಕೊಂಡು ನಡೆದರು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದನ್ನು ಬಿಟ್ಟು ದರ್ಜೆ ಕೇಳತೊಡಗಿದರು. ಕೆಮ್ಮುವುದಕ್ಕೆ ಈಗ ಸೋರಿಕೆ ಎಂದು ಹೆಸರು. ಸೋರಿಕೆ ತಡೆ ಶಿಬಿರದಲ್ಲಿ ಒಕ್ಕೂಟದವರು ಪುಕ್ಕಟೆಯಾಗಿ ಕೆಮ್ಮಿನ ಔಷಧಿ ಕುಡಿಸುತ್ತಿದ್ದರು. ಧೂಳು ಕುಡಿಸಿದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಎದುರು ಮನೆಯ ಗವಿಸಿದ್ದಪ್ಪ ಹರೆಯದಲ್ಲಿ ಗರಡಿಮನೆಯ ಪೈಲ್ವಾನ. ಎಪ್ಪತ್ತು ದಾಟಿದ್ದರೂ ಒಂದೇ ಉಸಿರಿಗೆ ಊದುಗೊಳವೆಯ ಮುಳ್ಳನ್ನು ಕೊನೆಗೆ ಮುಟ್ಟಿಸಿ ಮೊದಲ ದರ್ಜೆ ತಂದಿದ್ದ. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಬಸವಣ್ಣನ ಪಟದ ಪಕ್ಕದಲ್ಲೇ ತೂಗುಹಾಕಿದ. ತುಳಜಾಬಾಯಿಗೆ ಎರಡನೆಯ ದರ್ಜೆ.

"ತುಳಜಕ್ಕ, ನಿನ್ನ ಗೋದಾಮು ಸಣ್ಣದಾತು ನೋಡು," ಎಂದು ಅವನು ಹಂಗಿಸಿದ.

"ನಿಂದರ ದೊಡ್ಡದೈತಲ್ಲೋ ತಮ್ಮಾ, ತುಂಬಿಸಿಕೋ," ಎಂದರು ತುಳಜಾಬಾಯಿ, ಬಾಯಲ್ಲಿದ್ದ ದಾರ ತೆಗೆಯದೆ.

ಇಷ್ಟಾದ ಮೇಲೂ ಒಂದು ಶಾಸ್ತ್ರ ಉಳಿದಿತ್ತು. ಗಾಳಿ ಶುದ್ಧವಾಗಿದೆ ಎಂದು ಹೇಳಲು ಊರಿಗೊಂದು ಮಾಪಕ ಬೇಕಿತ್ತು. ಅದನ್ನು ಪರೀಕ್ಷಿಸಲು ಮುಕ್ತಾಳನ್ನು ಒಕ್ಕೂಟದ ನಿಯಂತ್ರಣ ಕೊಠಡಿಗೆ ಕರೆಸಿದರು. ಒಳಗಿನ ಗಾಳಿ ಮೂರು ಜರಡಿ ದಾಟಿ ಬರುತ್ತಿದ್ದುದರಿಂದ ಅಲ್ಲಿ ಉಸಿರಾಡಿದಾಗ ಅವಳಿಗೆ ಮೊದಲು ತಲೆ ತಿರುಗಿದಂತಾಯಿತು. ಒಕ್ಕೂಟದ ಪರಿಸರ ಮುಖ್ಯಸ್ಥ ಅಭಿರಾಮ್ ಗೋಡೆಯಗಲದ ಪರದೆಯನ್ನು ತೋರಿಸಿದ. ಹಸಿರು ಸೊನ್ನೆ, ನೀಲಿ ಸೊನ್ನೆ, ಕಿತ್ತಳೆ ಸೊನ್ನೆ.

"ನೋಡಿ ಮೇಡಂ, ಶುದ್ಧ ಸೊನ್ನೆ. ಏಷ್ಯಾದಲ್ಲೇ ಮೊದಲು."

"ಮಾಪಕ ಎಲ್ಲೈತಿ?"

"ರುದ್ರಭೂಮಿ ಬೇಲಿ ಪಕ್ಕ."

ಮುಕ್ತಾಳಿಗೆ ಅರ್ಥವಾಯಿತು. ಗಾಳಿ ಬೀಸುವುದು ಪಶ್ಚಿಮದಿಂದ. ರುದ್ರಭೂಮಿ ಕಾರ್ಖಾನೆಗಳಿಗೂ ಆಚೆ, ಪಶ್ಚಿಮಕ್ಕೆ. ಚಿಮಣಿಯ ಹೊಗೆಯೆಲ್ಲ ಊರಿನ ಕಡೆ ಹೋಗುತ್ತದೆ, ಮಾಪಕದ ಮೂಗಿಗೆ ಹಾಯುವುದೇ ಇಲ್ಲ. ಗಾಳಿ ದಿಕ್ಕು ತಪ್ಪಿದ ದಿನಕ್ಕೆಂದು ಸುತ್ತಲೂ ನೀರಿನ ತುಂತುರು ಯಂತ್ರಗಳನ್ನು ನಿಲ್ಲಿಸಿದ್ದರು.

"ಮನುಷ್ಯರು ಇರೋದು ಊರಾಗ. ಮಾಪಕ ಅಲ್ಲಿಡ್ರಿ."

"ಊರಲ್ಲಿ ಜನ ಓಡಾಡ್ತಾರೆ ಮೇಡಂ, ಧೂಳು ಏಳುತ್ತೆ. ಅಳತೆ ಕೆಡುತ್ತೆ," ಎಂದ ಅಭಿರಾಮ್, ಬಹಳ ಗಂಭೀರವಾಗಿ. ಜನರಿಂದ ಗಾಳಿ ಕೆಡುತ್ತದೆ ಎಂದು ಅವನು ನಿಜಕ್ಕೂ ನಂಬಿದ್ದ. ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು. ಚಿನ್ನದ ಪದಕ ಪಡೆದವನು.

ಸೊನ್ನೆಯ ಮೋಹ ಎಷ್ಟೆಂದರೆ, ಶುದ್ಧ ಗಾಳಿಯ ಪ್ರಶಸ್ತಿಯ ಆಸೆಗೆ ಬಿದ್ದು ಒಕ್ಕೂಟದವರು ತಾವೇ ಪ್ರಾಧಿಕಾರದಿಂದ ಒಂದು ನಿಯಮ ಮಾಡಿಸಿಕೊಂಡಿದ್ದರು. ಈ ಮಾಪಕದಲ್ಲಿ ಯಾವ ಬಣ್ಣದ ಒಂದು ಹರಳು ಕಂಡರೂ ಆ ಬಣ್ಣದ ಕಾರ್ಖಾನೆ ತಾನಾಗಿಯೇ ನಿಲ್ಲಬೇಕು. ಯಾರ ಸಹಿಗೂ ಕಾಯುವಂತಿಲ್ಲ. ಮತ್ತೆ ಪೂರ್ತಿ ಸೊನ್ನೆಯಾಗುವವರೆಗೆ ಉರಿಸುವಂತಿಲ್ಲ. ಮಾಪಕದ ತಂತಿಯನ್ನು ನೇರ ಕುಲುಮೆಗೇ ಜೋಡಿಸಿದ್ದರು. ಎಂದೂ ಬಾರದ ಅತಿಥಿಗೆ ಮೃಷ್ಟಾನ್ನ ಬಡಿಸುತ್ತೇನೆ ಅನ್ನಲು ಯಾರಿಗೆ ಕಷ್ಟ?

"ಸ್ಮಶಾನದ ಪಕ್ಕ ಹೊಗೆ ಬರಂಗಿಲ್ಲೇನು?" ಎಂದು ಮುಕ್ತಾ ಸುಮ್ಮನೆ ಕೇಳಿದಳು.

"ಸರ್ವೆ ಮಾಡಿಸಿದ್ದೀವಿ. ಇಲ್ಲಿ ಎಲ್ಲರೂ ಹೂಳೋದೇ."

ಸರ್ವೆಗೆ ಬಂದವರು ಬೂಟು ಹಾಕಿಕೊಂಡು ಸಮಾಧಿ, ಗೋರಿಗಳನ್ನು ಎಣಿಸಿಕೊಂಡು ಹೋಗಿದ್ದರು. ಊರಿನಲ್ಲಿ ಬಹುಪಾಲು ಜನ ಹೂಳುವವರೇ, ಅದು ಖರೆ. ಆದರೆ ಎಂದೋ ಬಟ್ಟೆ ವ್ಯಾಪಾರದ ಜೊತೆ ಬಂದು ನೆಲೆಸಿದ ದರ್ಜಿ ಓಣಿಯ ನಾಲ್ಕು ಮನೆಯವರು ಸುಡುತ್ತಾರೆ. ಸುಟ್ಟವರು ಕಲ್ಲು ನೆಡುವುದಿಲ್ಲ, ಬೂದಿಯನ್ನು ಹೊಳೆಗೆ ಬಿಡುತ್ತಾರೆ. ಕಲ್ಲೆಣಿಸಲು ಬಂದವರಿಗೆ ಅವರು ಸಿಗುವುದು ಹೇಗೆ? ಈ ಮಾಪಕ ಬಂದ ಮೇಲೆ ಓಣಿಯಲ್ಲಿ ಯಾರೂ ಸತ್ತಿರಲಿಲ್ಲ. ಮುಕ್ತಾಳಿಗೂ ಆಗ ಅದು ಹೊಳೆಯಲಿಲ್ಲ. ಅವಳು ಸೊನ್ನೆಗಳನ್ನು ನೋಡಿ ರೋಸಿ ಹೋಗಿ ಮನೆಗೆ ಬಂದಳು.

ಆ ಬೇಸಿಗೆಗೆ ತುಳಜಾಬಾಯಿ ಹಾಸಿಗೆ ಹಿಡಿದರು. ಒಂದು ಮಾತಿಗೆ ಎರಡು ಸಲ ಉಸಿರು ಎಳೆಯಬೇಕಾಗುತ್ತಿತ್ತು. ವೈದ್ಯರು ದೀಪ ಇಳಿಸಿ ನೋಡಿ ಉಗ್ರಾಣ ಭರ್ತಿ ಎಂದು ಬರೆದರು. ರೋಗ ಎಂದು ಬರೆಯಲು ಈಗ ಅನುಮತಿ ಇರಲಿಲ್ಲ. ಭರ್ತಿಯಾದವರ ಹೆಸರು, ಹೂಳುವವರೋ ಸುಡುವವರೋ ಎಂಬ ವಿವರದ ಜೊತೆ, ಒಕ್ಕೂಟಕ್ಕೆ ಹೋಗುತ್ತಿತ್ತು. ಸತ್ತ ಮೇಲೆ ಹೂಳುವವರಾದರೆ ಮಣ್ಣೇ ಮುಚ್ಚಳ, ತಕರಾರಿಲ್ಲ. ಸುಡುವವರಾದರೆ ಉಗ್ರಾಣ ಒಡೆದ ಅಪರಾಧ. ಹಾಗಾಗಿ ದೇಹವನ್ನು ಒಕ್ಕೂಟದ ಶ್ವಾಸಧಾಮ ಎಂಬ ಸಿಮೆಂಟಿನ ಗೂಡಿನಲ್ಲಿ ಇಟ್ಟು ಬೆಸುಗೆ ಹಾಕತಕ್ಕದ್ದು. ಈ ಸಾಲು ನಿಯಮದ ಕೊನೆಯ ಪುಟದಲ್ಲಿತ್ತು. ಅದನ್ನು ಬರೆದವರಿಗೂ ಇಲ್ಲಿ ಸುಡುವವರಿದ್ದಾರೆ ಎಂಬ ಖಬರಿರಲಿಲ್ಲ. ಬೇರೆ ಯಾವುದೋ ಊರಿನ ನಿಯಮದಿಂದ ಇದ್ದ ಹಾಗೆಯೇ ಎತ್ತಿ ಅಂಟಿಸಿದ್ದರು.

ತುಳಜಾಬಾಯಿ ಸೊಸೆಯನ್ನು ಹತ್ತಿರ ಕರೆದರು.

"ಮುಕ್ತಾ, ನಾ ಬದುಕಿರೂತನಾ ಅವರ ಗೋದಾಮಾಗಿದ್ದೆ. ಬಾಡಿಗಿ ಸೈತ ಕೇಳಲಿಲ್ಲ. ಸತ್ತ ಮ್ಯಾಲೂ ಅವರ ಗೂಡಿನಾಗ ಕುಂದ್ರಂಗಿಲ್ಲ. ನಿಮ್ಮ ಮಾವನ್ನ ಎಲ್ಲಿ ಸುಟ್ರಿ, ನನ್ನ ಅಲ್ಲೇ ಸುಡ್ರಿ. ಮಾತು ಕೊಡು."

ಮುಕ್ತಾ ಮಾತು ಕೊಟ್ಟಳು. ಕೊಡುವಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಈ ಎದೆಗೆ ಉಗ್ರಾಣ ಎಂದು ಹೆಸರು ಬರುವುದಕ್ಕೆ ದೀಪ ಹಿಡಿದವಳು ತಾನೇ ಅಲ್ಲವೇ?

ಬೆಳಗಿನ ಹೊತ್ತು ಮುದುಕಿ ಹೋದರು. ಅಳು ಇನ್ನೂ ಓಣಿ ದಾಟಿರಲಿಲ್ಲ, ಆಗಲೇ ಒಕ್ಕೂಟದ ಬಿಳಿಯ ವ್ಯಾನು ಬಾಗಿಲಿಗೆ ಬಂತು. ಅಭಿರಾಮ್ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದ. ಸಂಸ್ಕಾರಕ್ಕೇನೂ ಕಡಿಮೆಯಿರಲಿಲ್ಲ.

"ಅಮ್ಮನವರ ಆತ್ಮಕ್ಕೆ ಶಾಂತಿ ಸಿಗಲಿ. ಆತ್ಮದ ಬಗ್ಗೆ ನಮಗೇನೂ ಕ್ಲೇಮಿಲ್ಲ. ದೇಹದ ಒಳಗಿರೋ ಸರಕು ಮಾತ್ರ ನಮ್ಮದು."

ಮುಕ್ತಾಳ ಗಂಡ ಜ್ಞಾನೋಬಾ ಮೆತ್ತಗಿನ ಮನುಷ್ಯ, ಕತ್ತರಿ ಹಿಡಿದರೂ ಬಟ್ಟೆಗೆ ನೋವಾದೀತೆಂದು ಅಳುಕುವವನು. "ಮುಕ್ತಾ, ಕೋರ್ಟು ಕಚೇರಿ ಎದಕ್ಕ? ಕೊಟ್ಟಬಿಡೂನು..." ಎಂದ.

"ನಿಮ್ಮ ಅವ್ವಗ ಮಾತು ಕೊಟ್ಟೇನಿ," ಎಂದಳು ಮುಕ್ತಾ. ಆಮೇಲೆ ಅಭಿರಾಮ್ ಕಡೆ ತಿರುಗಿದಳು. "ಸರಕು ನಿಮ್ದೇ ಅಂತ ಖಾತ್ರಿ ಐತೇನ್ರಿ?"

"ನೀವೇ ಕೊಟ್ಟ ಬಣ್ಣ ಅಲ್ವಾ ಮೇಡಂ? ಮೂರೂ ಬಣ್ಣ ಇದೆ. ಒಂದೊಂದು ಕಣವೂ ನಮ್ಮದೇ."

ಓಣಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. ಗವಿಸಿದ್ದಪ್ಪ ಮುಂದೆ ಬಂದ. "ಅಲ್ರೀ ಸಾಹೇಬ್ರ, ಹೆಣದ ಮುಂದ ನಿಂತು ಸರಕು ಅಂತೀರಲ್ರೀ. ನಿಮ್ಮ ಮನ್ಯಾಗ ಯಾರೂ ಸತ್ತಿಲ್ಲೇನು?"

ಅಭಿರಾಮ್ ಮುಖ ಕೊಂಚ ಕೆಂಪಾಯಿತು. ಜಗಳ ಅವನಿಗೆ ಬೇಕಿರಲಿಲ್ಲ. ಸಾಕ್ಷಿಯಿದ್ದರೆ ಜಗಳ ಬೇಡ ಎಂದು ಅವನಿಗೆ ಕಲಿಸಿದ್ದರು. "ನಾನು ಯಾರನ್ನೂ ತಡೆಯೋದಿಲ್ಲ. ಸುಡಿ. ಮಾಪಕ ಅಲ್ಲೇ ಬೇಲಿ ಪಕ್ಕ ಇದೆ. ಒಂದು ಕಣ ಹೊರಗೆ ಬಂದರೂ ಅದೇ ಹೇಳುತ್ತೆ. ಉಗ್ರಾಣ ಒಡೆದ ಕೇಸು ತಾನಾಗೇ ಆಗುತ್ತೆ." ಆಮೇಲೆ ಎಲ್ಲರಿಗೂ ಕೇಳುವಂತೆ ಫೋನಿನಲ್ಲಿ ಹೇಳಿದ: "ರುದ್ರಭೂಮಿ ಹತ್ರ ತುಂತುರು ನಿಲ್ಲಿಸಿಬಿಡಿ. ಎಲ್ಲಾನೂ. ಎವಿಡೆನ್ಸ್ ತೊಳೆದುಹೋಗಬಾರದು."

ಆ ಕ್ಷಣದಲ್ಲಿ ಮುಕ್ತಾಳಿಗೆ ನಿಯಂತ್ರಣ ಕೊಠಡಿಯ ಗೋಡೆಯಗಲದ ಸೊನ್ನೆಗಳು ನೆನಪಾದವು. ಕುಲುಮೆಗೆ ಹೋಗುವ ತಂತಿ ನೆನಪಾಯಿತು. ಮಾಪಕಕ್ಕೆ ಬಣ್ಣ ಗೊತ್ತು, ಚಿಮಣಿಯಿಂದ ಬಂತೋ ಚಿತೆಯಿಂದ ಬಂತೋ ಗೊತ್ತಿಲ್ಲ. ಅದನ್ನು ಯಾರೂ ಅದಕ್ಕೆ ಕಲಿಸಿಲ್ಲ. ಅವಳಿಗೆ ನಗು ಉಕ್ಕಿಬಂತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಗೋಡೆಗೆ ಒರಗಿದಳು. ಪಾಪ, ಅತ್ತೆಯ ಮೇಲೆ ಎಷ್ಟು ಪ್ರೀತಿ ಎಂದು ಹೆಂಗಸರು ಅವಳ ಬೆನ್ನು ಸವರಿದರು. ಪ್ರೀತಿಯೂ ಸುಳ್ಳಾಗಿರಲಿಲ್ಲ.

ಹೆಂಗಸರು ರುದ್ರಭೂಮಿಗೆ ಹೋಗುವ ರೂಢಿ ಅವರಲ್ಲಿಲ್ಲ. ಮುಕ್ತಾ ಹೋದಳು. ಮೂರೂ ಕಾರ್ಖಾನೆಗಳ ಗೇಟಿನ ಮುಂದೆಯೇ ದಾರಿ. ಕೆಂಪು ಧೂಳಿನಲ್ಲಿ ಹೆಜ್ಜೆ ಇಡುತ್ತ, ಮಂಡಕ್ಕಿ ತೂರುತ್ತ ಹೋದರು. ರುದ್ರಭೂಮಿಯ ಬೇಲಿಯಾಚೆ ಮಾಪಕ ಒಂದು ಬಿಳಿಯ ಪೆಟ್ಟಿಗೆ, ಮೇಲೆ ಪ್ರಶಸ್ತಿಯ ಫಲಕ. ತುಂತುರು ನಿಂತಿತ್ತು. ಅಭಿರಾಮ್ ಹೊಗೆ ತಾಕದಷ್ಟು ದೂರದಲ್ಲಿ ಮೂಗಿಗೆ ಕರವಸ್ತ್ರ ಹಿಡಿದು, ಫೋನಿನ ಪರದೆ ನೋಡುತ್ತ ನಿಂತ.

ಜ್ಞಾನೋಬಾ ಕೊಳ್ಳಿ ಇಟ್ಟ. ಪಶ್ಚಿಮದ ಗಾಳಿ ಹೊಗೆಯನ್ನು ಎತ್ತಿ ಬೇಲಿಯ ಮೇಲೆ ಹಾಯಿಸಿತು. ಐವತ್ತು ವರ್ಷ ಊರಿನ ಬಟ್ಟೆಗೆ ಸೂಜಿ ಹಾಕಿದ ಹೆಂಗಸು ಮಾಪಕದ ತೂತಿಗೆ ಹೊಗೆಯನ್ನು ಪೋಣಿಸಿದರು.

"ಬಂತು," ಎಂದ ಅಭಿರಾಮ್, ಸಂತೋಷ ತಡೆಯಲಾರದೆ. "ಹಸಿರು ಬಂತು. ನೀಲಿ... ಕಿತ್ತಳೆನೂ. ರೆಕಾರ್ಡ್ ಆಯ್ತು ಮೇಡಂ, ಐ ಆಮ್ ಸಾರಿ."

ಅವನ ಮಾತು ಮುಗಿಯುವ ಮೊದಲೇ ಒಂದನೆಯ ಕಾರ್ಖಾನೆಯ ಸೈರನ್ ಕೂಗಿತು. ಎರಡನೆಯದು ದನಿಗೂಡಿಸಿತು. ಮೂರನೆಯದು ಕೊಂಚ ತಡವಾಗಿ ಕೂಗಿತು. ಕುಲುಮೆಗಳ ಗುಡುಗು ಇಳಿಯಿತು. ಅಭಿರಾಮ್ ಕೈಯಲ್ಲಿದ್ದ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು.

"ನಿಲ್ಲಿಸಿ! ತುಂತುರು ಹಾಕಿ! ಇದು ಚಿಮಣಿದಲ್ಲ, ಹೆಣದ್ದು!" ಎಂದು ಅವನು ಚಿತೆಯತ್ತ ಓಡಿಬರುತ್ತ ಕಿರುಚಿದ.

"ಹೆಣ ನಮ್ದು," ಎಂದಳು ಮುಕ್ತಾ. "ಕಣ ನಿಮ್ದೇ. ಮುಂಜಾನೆ ನಮ್ಮ ಬಾಗಿಲಾಗ ನಿಂತು ಎಲ್ಲಾರ ಮುಂದ ಹೇಳಿದ್ರಿ."

ಅವನು ಮತ್ತೆ ಫೋನಿಗೆ ಕೂಗಲು ಹೋದ. ಬಾಯಿ ತೆರೆದಾಗ ಹೊಗೆ ಒಳಗೆ ಹೋಯಿತು, ಕೆಮ್ಮಿದ. ಅವಳಿಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

ಮರುದಿನದಿಂದ ಊರು ಬೇರೆಯಾಯಿತು. ಮುಗಿಲು ನೀಲಿಯೆಂದು ಕೇಳಿದ್ದವರು ಕಣ್ಣಾರೆ ಕಂಡರು. ಮಾಳಿಗೆಗಳ ಮೇಲೆ ಧೋತರ ಹೊದಿಸದೆ ಶಾವಿಗೆ ಒಣಗಿದವು. ಒಕ್ಕೂಟದವರು ಪ್ರಾಧಿಕಾರಕ್ಕೆ ಓಡಿದರು. ಸಹಿಗೆ ಕಾಯಬಾರದು ಎಂದು ನೀವೇ ಬರೆಸಿದ್ದಿರಿ, ಈಗ ತಿದ್ದಲು ಅಹವಾಲು ಸಭೆ ಬೇಕಾಗುತ್ತದೆ, ಮೈಕು ರಿಪೇರಿಗೆ ಹೋಗಿದೆ ಎಂದರು ಅಧ್ಯಕ್ಷರು. ತಮ್ಮ ಬಲೆಗೆ ತಾವೇ ಬಿದ್ದವರಿಗೂ ವಕೀಲರ ಶುಲ್ಕ ಬಿಡುವುದಿಲ್ಲ. ಮಾಪಕದ ಸುತ್ತ ಕೂತಿದ್ದ ಹರಳುಗಳು ಗಾಳಿಗೆ ಏಳುತ್ತ, ಕೂರುತ್ತ ಇದ್ದುದರಿಂದ ಸೊನ್ನೆಯಾಗಲು ತುಳಜಾಬಾಯಿಯ ದಿನಕರ್ಮದ ಹದಿಮೂರನೆಯ ದಿನ ಬರಬೇಕಾಯಿತು. ಆ ಮಧ್ಯಾಹ್ನವೇ ಮೂರು ಚಿಮಣಿಗಳೂ ಮತ್ತೆ ಹೊಗೆ ಬಿಟ್ಟವು. ಊಟದ ಎಲೆಯ ಮೇಲೆ ಕೆಂಪು ಇಳಿಯಿತು.

ಪಂಕ್ತಿಯಲ್ಲಿ ಕೂತವರು ಎಲೆಗೆ ಒಂದು ಕೈ ಅಡ್ಡ ಹಿಡಿದು ಉಣ್ಣತೊಡಗಿದರು. ಗವಿಸಿದ್ದಪ್ಪ ಮಾತ್ರ ಊಟ ಬಿಟ್ಟೆದ್ದು ಮನೆಗೆ ಹೋಗಿ, ಚೌಕಟ್ಟು ಹಾಕಿಸಿದ್ದ ಪತ್ರ ಹಿಡಿದುಕೊಂಡು ಬಂದು ಮುಕ್ತಾಳ ಮುಂದೆ ನಿಂತ.

"ತಂಗಿ, ನಮ್ಮ ಮಂದ್ಯಾಗ ಕುಂದ್ರಿಸಿ, ಈಬತ್ತಿ ಹಾಕಿ ಹೂಳತಾರ. ನಮ್ಮಪ್ಪ, ನಮ್ಮ ಮುತ್ಯಾ ಎಲ್ಲಾರೂ ಅಲ್ಲೇ ಕುಂತಾರ. ಅವರ ಬಾಜೂಕ ನನಗ ಜಾಗಾನೂ ಐತಿ."

"ಗೊತ್ತು ಕಾಕಾ."

"ನನ್ನ ಮಕ್ಕಳಿಗೆ ಹೇಳೇನಿ, ನನ್ನ ಸುಡ್ರಿ ಅಂತ." ಅವನು ಪತ್ರದ ಗಾಜನ್ನು ಪಂಚೆಯಿಂದ ಒರೆಸಿದ. "ತುಳಜಕ್ಕಂದು ಎರಡನೇ ದರ್ಜಿ ಎದಿ. ದಿನಕರ್ಮದ ತನಕ ಬಂದ್ ಇಟ್ಟಳು. ನಂದು ಮೊದಲನೇ ದರ್ಜಿ. ಲೆಕ್ಕ ಹಾಕಿ ಹೇಳವ್ವ, ನನ್ನ ಸುಟ್ಟ ಮ್ಯಾಲೆ ಕಾರ್ಖಾನಿ ಎಷ್ಟು ದಿನ ಬಂದ್ ಇರ್ತಾವು?"

ಮುಕ್ತಾ ಅವನ ಅಗಲವಾದ ಎದೆಯನ್ನು ನೋಡಿದಳು. ಲೆಕ್ಕ ಅವಳಿಗೆ ಬರುತ್ತಿತ್ತು. ಬಾಯಿಲೆಕ್ಕದಲ್ಲೇ ಬರುತ್ತಿತ್ತು. ಅವಳು ಮುಖ ತಿರುಗಿಸಿ, ಎಲೆಗೆ ಇನ್ನೊಂದು ಸೌಟು ಸಾರು ಬಡಿಸಲು ಒಳಗೆ ಹೋದಳು. ಮುದುಕ ಪತ್ರ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದ.